ತೊಳೆದ ಸೀರೆಯನ್ನೇ ತೊಳೆಯುತ್ತಿದ್ದ ಚಿಗವ್ವ

ಎದುರಿಗೆ ಮನೆ ಕಟ್ಟಿಸುವವರು ನಮ್ಮ ಗೇಟಿನ ಮುಂದೆಯೇ ಮರಳು ಸುರಿದಿದ್ದಾರೆ. ಬೆಳಿಗ್ಗೆ ಅದರ ಮೇಲೆ ನೀರು ಹೊಡೆದರು. ಬಿಸಿಲಿಗೆ ಕಾದ ಮರಳು ಒದ್ದೆಯಾದಾಗ ಒಂದು ವಾಸನೆ ಏಳುತ್ತದೆ ನೋಡಿ... ಅದು ಮೂಗಿಗೆ ಬಡಿದದ್ದೇ ತಡ, ಬೇಸಿಗೆಯ ಕೃಷ್ಣಾ ಹೊಳೆ ಕಣ್ಣ ಮುಂದೆ ಬಂತು. ಹೊಳೆಯ ನಡುವೆ ಚಿಗವ್ವ. ಫೋನಿನಲ್ಲಿ ಕನ್ನಡ ಹೊಡೆಯುವುದನ್ನು ಮೊಮ್ಮಗಳು ಮೊನ್ನೆಯಷ್ಟೇ ಕಲಿಸಿದ್ದಾಳೆ. ಮೊದಲು ಚಿಗವ್ವನ ಬಗ್ಗೆಯೇ ಹೊಡೆದುಬಿಡುತ್ತೇನೆ, ಬೆರಳು ಎಲ್ಲಿ ಬೀಳುತ್ತದೋ ಬೀಳಲಿ.

ಚಿಗವ್ವ ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ನಮ್ಮದು ಮಕ್ತಲ್ ಕಡೆಯ ಒಕ್ಕಲುತನದ ಮನೆ. ಅವಳ ತವರು ಹೊಳೆಯ ಆಚೆ, ರಾಯಚೂರು ಸೀಮೆಯಲ್ಲಿ. ದಡದಲ್ಲಿ ನಿಂತರೆ ಅವಳ ಊರಿನ ಬೇವಿನ ಮರಗಳು ಕಾಣುತ್ತಿದ್ದವು. ಆದರೂ ಅವಳು ಅಲ್ಲಿಗೆ ಹೋಗುವಂತಿರಲಿಲ್ಲ. ಮದುವೆಯ ದಿನ ಬೀಗರು ನಮ್ಮವರಿಗೆಲ್ಲ ಹೋಳಿಗೆ ತುಪ್ಪ ಬಡಿಸಿ, ಬಂಡಿಯ ಎತ್ತುಗಳಿಗೆ ಮೇವು ಹಾಕುವುದನ್ನು ಮರೆತಿದ್ದರಂತೆ. ನಮ್ಮ ಮುತ್ಯಾ, ಅಂದರೆ ಅಜ್ಜ, ಮಕ್ಕಳನ್ನು ಬೈದರೂ ಎತ್ತುಗಳನ್ನು ಬೈಯದ ಮನುಷ್ಯ. "ನನ್ನ ಎತ್ತು ಉಪಾಸ ಕೆಡವಿದವರ ಮನಿಗೆ ನನ್ನ ಸೊಸಿ ಹೋಗಂಗಿಲ್ಲ. ಅವರೂ ಇಲ್ಲಿಗೆ ಬರಂಗಿಲ್ಲ" ಎಂದುಬಿಟ್ಟ. ಆಗ ಹೊಳೆಯ ಎರಡೂ ದಡ ನಿಜಾಮರ ರಾಜ್ಯವೇ. ನಡುವೆ ಗಡಿ ಹಾಕಿದವನು ನಮ್ಮ ಮುತ್ಯಾ ಒಬ್ಬನೇ.

ಚಿಗವ್ವ ಅಳಲಿಲ್ಲ, ಎದುರಾಡಲಿಲ್ಲ. ಯುಗಾದಿ ಕಳೆದು, ಜೋಳದ ರಾಶಿ ಮನೆಗೆ ಬಂದು, ಎತ್ತುಗಳಿಗೆ ಕೆಲಸವಿಲ್ಲದ ಹೊತ್ತಿನಲ್ಲಿ ಮುತ್ಯಾನಿಗೆ ಮಜ್ಜಿಗೆ ಕೊಡುತ್ತ, "ಮಾವಾರ್ರೀ, ಹುಡುಗ್ರ ಮೈತುಂಬ ಬೆವರುಸಾಲಿ ಎದ್ದೈತ್ರಿ. ಹೊಳಿ ನೀರಾಗ ಮುಳುಗಿಸಿದ್ರ ಹೋಗ್ತೈತಂತ್ರಿ" ಎಂದಳು. ನಮಗೆ ಬೆವರುಸಾಲೆ ಎದ್ದದ್ದು ನಮಗೇ ಗೊತ್ತಿರಲಿಲ್ಲ! ಮರುದಿನ ನಮ್ಮಪ್ಪನ ಮುಂದೆ ಹೊಳೆಮರಳಿನ ಕಲ್ಲಂಗಡಿಯ ಮಾತು ತೆಗೆದಳು. ಆಮೇಲೆ ಯಾರಿಗೂ ಅಲ್ಲದಂತೆ, "ಪಾಪ, ಎತ್ತಿನ ಮೈ ತೊಳದು ಎಷ್ಟು ದಿನ ಆತೋ" ಎಂದಳು. ಮುತ್ಯಾ ಬಂಡಿ ಹೂಡಿಸಿದ.

ಹಾಗೆ ಶುರುವಾದವು ನಮ್ಮ ಮನೆಯವರು ಹೊಳೆಗೆ ಹೋಗುವ ದಿನಗಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬುತ್ತಿ ಕಟ್ಟಿಕೊಂಡು ಕತ್ತಲಿರುವಾಗಲೇ ಹೊರಡುತ್ತಿದ್ದೆವು. ಹೊಳೆ ಬತ್ತಿ ಅರ್ಧಕ್ಕಿಂತ ಹೆಚ್ಚು ಮರಳೇ. ಕೈಯಿಂದ ತೋಡಿದರೆ ತಣ್ಣನೆ ಒರತೆ ನೀರು. ಕಲ್ಲಂಗಡಿ ತಿಂದು ಬೀಜವನ್ನು ಒಬ್ಬರ ಮೇಲೊಬ್ಬರು ಉಗುಳುವುದು. ಅದರಲ್ಲಿ ಚಿಗವ್ವನನ್ನು ಗೆದ್ದವರಿಲ್ಲ. ನಮ್ಮವ್ವನ ನಗು ಅಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದೇ ಅಲ್ಲಿ. ಮುತ್ಯಾ ಮಾತ್ರ ಜಾಲಿ ಮರದ ನೆರಳಲ್ಲಿ ಮುಖದ ಮೇಲೆ ರುಮಾಲು ಹಾಕಿಕೊಂಡು ಮಲಗುತ್ತಿದ್ದ.

ಉಂಡ ಮೇಲೆ ಚಿಗವ್ವ ಬಟ್ಟೆ ಗಂಟು ಹಿಡಿದು ಹೊಳೆಯ ನಡುವಿನ ಬಂಡೆಗೆ ಹೋಗುತ್ತಿದ್ದಳು. ನಾನು ಬಾಲದಂತೆ ಹಿಂದೆ.

"ಚಿಗವ್ವಾ, ಈ ಸೀರಿ ನಿನ್ನೆನ ತೊಳದಿದ್ದಿ ಅಲ್ಲ?"

"ನಿನ್ನ ಕಣ್ಣು ಭಾಳ ಚುರುಕು ಅದಾವು. ಬಾಯಿ ಮುಚ್ಕಂಡಿದ್ರ ಇನ್ನೊಂದು ಹೋಳು ಕೊಡ್ತೀನಿ."

ತೊಳೆದ ಸೀರೆಯನ್ನೇ ತೊಳೆದು ಬಂಡೆಯ ಮೇಲೆ ಹರಡುತ್ತಿದ್ದಳು. ನಾರಾಯಣಪೇಟೆಯ ಕೆಂಪು ಸೀರೆ, ಆಚೆ ದಡದವರೆಗೂ ಕಾಣುವಂಥದ್ದು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಒಬ್ಬ ಮುದುಕಿ ಮೊಣಕಾಲುದ್ದ ನೀರಲ್ಲಿ ನಡೆದು ಬರುತ್ತಿದ್ದಳು. ಚಿಗವ್ವನ ಅವ್ವ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವ್ವ ಮಗಳ ತುರುಬು ಬಿಚ್ಚಿ, ಎಣ್ಣೆ ಹಚ್ಚಿ, ಬಾಚಿ, ಮತ್ತೆ ಕಟ್ಟುತ್ತಿದ್ದಳು... ಅಷ್ಟೇ. "ನಾ ಹೊಳಿ ದಾಟಿಲ್ಲ, ಅಕಿ ನಮ್ಮ ದಂಡಿಗೆ ಬಂದಿಲ್ಲ. ತಿಳೀತಾ?" ಎನ್ನುತ್ತಿದ್ದಳು ಚಿಗವ್ವ. ನಾನು ಕಲ್ಲಂಗಡಿ ಹೋಳಿಗಾಗಿ ಕಾಯುತ್ತಿದ್ದೆ.

ಮೂರನೆಯ ಬೇಸಿಗೆ. ಸೀರೆ ಹರಡಿ, ಅದು ಒಣಗಿದರೂ ಮುದುಕಿ ಬರಲಿಲ್ಲ. ಚಿಗವ್ವ ಒಣಗಿದ ಸೀರೆಯನ್ನು ಮತ್ತೆ ನೀರಿಗೆ ಅದ್ದಿ ಹರಡಿದಳು. ಕೊನೆಗೆ ಅವಳ ತಮ್ಮ ಆಚೆ ದಡದಲ್ಲಿ ಕಾಣಿಸಿಕೊಂಡು ಕೂಗಿದ: "ಅಕ್ಕಾ, ಅವ್ವ ಹಾಸಿಗಿ ಹಿಡದಾಳ! ನಿನ್ನ ಹೆಸರ ಕರಿಯಾಕತ್ತಾಳ!"

ಚಿಗವ್ವ ಬಂಡೆಯಿಂದ ಆಚೆ ಬದಿಗೆ ಇಳಿದು ನೀರಲ್ಲಿ ಕಾಲಿಟ್ಟು ನಿಂತುಬಿಟ್ಟಳು. ಮುಂದೆ ಹೋದರೆ ಮತ್ತೆ ನಮ್ಮ ಮನೆಯ ಹೊಸ್ತಿಲು ಸಿಗುತ್ತದೋ ಇಲ್ಲವೋ. ಆಗ ಜಾಲಿ ನೆರಳಿನಿಂದ ಮುತ್ಯಾನ ದನಿ ಬಂತು.

"ಯಾಕ ನಿಂತಿ ಯವ್ವಾ? ತೊಳದ ಸೀರಿನ ತೊಳಿತಿದ್ದಿ, ನಾ ಏನು ಕುರುಡ ಅಂದ್ಕಂಡಿದ್ದೇನು?"

ಮುತ್ಯಾ ಎದ್ದು ತಾನೇ ಬಂಡಿ ಹೂಡಿ, ಚಿಗಪ್ಪನ ಕೈಗೆ ಹಗ್ಗ ಕೊಟ್ಟ. "ನಿನ್ನ ಹೇಣ್ತೀನ ಕರ್ಕಂಡು ಹೋಗು. ಈ ಸಲನಾದ್ರೂ ಎತ್ತಿಗೆ ಮೇವು ಹಾಕ್ರಿ ಅಂತ ಬೀಗರಿಗೆ ಹೇಳು." ಬಂಡಿ ನೀರಿಗೆ ಇಳಿಯಿತು. ಚಿಗವ್ವ ಒಮ್ಮೆಯೂ ತಿರುಗಿ ನೋಡಲಿಲ್ಲ. ನಾವೆಲ್ಲ ಬುತ್ತಿ ಗಂಟು ಹೊತ್ತು ನಡೆದೇ ಮನೆ ಸೇರಿದೆವು, ಎಲ್ಲರ ಮುಂದೆ ಮುತ್ಯಾ.

ಅವಳ ಅವ್ವ ಎದ್ದು ಕೂತಳು. ಬಂಡಿ ತುಂಬ ಹಸಿ ಮೇವು ಹೇರಿಕೊಂಡು ಚಿಗವ್ವ ಹಿಂದಿರುಗಿದಳು. ಆಮೇಲೆ ತವರಿಗೆ ಹೋಗಿ ಬರುವುದು ಅವಳಿಗೆ ಸಲೀಸಾಯಿತು. ಮರುವರ್ಷ ನಮ್ಮ ಬೆವರುಸಾಲೆಯ ಸುದ್ದಿ ಯಾರೂ ತೆಗೆಯಲಿಲ್ಲ. ಹೊಳೆಗೆ ಹೋಗುವುದು ಅಲ್ಲಿಗೇ ನಿಂತಿತು. ನಾನು ಮುಖ ಊದಿಸಿಕೊಂಡು ಕೂತಿದ್ದೆ! ತನ್ನ ಒಂದು ಸಂಕಟದಿಂದ ಇಡೀ ಮನೆಗೆ ಹಬ್ಬ ಮಾಡಿದವಳು ಅವಳು ಎಂದು ತಿಳಿಯಲು ನಾನೂ ಸೊಸೆಯಾಗಬೇಕಾಯಿತು. ಅಷ್ಟರಲ್ಲಿ ಹೇಳಿಕೊಳ್ಳಲು ಚಿಗವ್ವ ಇರಲಿಲ್ಲ...

ಈ ಬೇಸಿಗೆ ಎಲ್ಲರೂ ಕೂಡಿ ಹೊಳೆಗೆ ಹೋಗೋಣ ಎಂದು ಹಟ ಹಿಡಿದವಳು ನಾನೇ. ಕಾರಿನಲ್ಲಿ ಕರೆದುಕೊಂಡು ಹೋದರು. ಕೆಳಗೆ ಡ್ಯಾಮು ಕಟ್ಟಿದ ಮೇಲೆ ಅಲ್ಲಿ ಹಿನ್ನೀರು ನಿಂತಿದೆ. ಮರಳಿಲ್ಲ, ಬಂಡೆಯೂ ಇಲ್ಲ. ಕಣ್ಣು ಹಾಯುವವರೆಗೂ ನೀರು.

"ಇಲ್ಲಿ ಏನ್ ನೋಡಾಕ ಬಂದ್ವಿ ಅಜ್ಜೀ?" ಎಂದಳು ಮೊಮ್ಮಗಳು.

"ನೀರು" ಎಂದೆ.