ಎರಡನೇ ಈಡು

ಎಲೆಕ್ಷನ್ ಮುಗಿದು, ಠಾಣೆಯಲ್ಲಿ ಡಿಪಾಸಿಟ್ ಇಟ್ಟಿದ್ದ ನಮ್ಮ ಜೋಡಿ ನಳಿಗೆಯ ಕೋವಿ ಮೊನ್ನೆ ಮನೆಗೆ ಬಂತು. ಮೈಮೇಲೆ ತೆಳ್ಳಗೆ ತುಕ್ಕು. ನಮ್ಮೂರು ಮೇಗರವಳ್ಳಿಯ ಮಳೆಗಾಳಿಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೆಪ ಬೇಕಿಲ್ಲ ಬಿಡಿ. ಒರೆಸೋಣವೆಂದು ಹೊಲಿಗೆ ಮಿಷನ್ ಎಣ್ಣೆಯ ಬಾಟಲಿ ತೆರೆದೆ. ಆ ವಾಸನೆಗೆ ಮಾವ ನೆನಪಾದರು. ತಮಾಷೆಯೆಂದರೆ, ಅವರು ಆ ಎಣ್ಣೆಯನ್ನು ಮುಟ್ಟಿದವರೇ ಅಲ್ಲ. ತಲೆಗೂ ಕೊಬ್ಬರಿ ಎಣ್ಣೆ, ಕೋವಿಗೂ ಅದೇ.

ನನ್ನನ್ನು ಸಾಕಿದ್ದು ಅತ್ತೆ ಮತ್ತು ಮಾವ. ಮಾವ ಹರೆಯದಲ್ಲಿ ಹೊಸದಾಗಿಯೇ ಕೊಂಡ ಕೋವಿ ಅದು. ಗದ್ದೆಗೆ ನುಗ್ಗಿದ ಒಂಟಿ ಹಂದಿಯ ಕಥೆಯನ್ನು ಅವರು ಹೇಳದ ವರ್ಷವಿಲ್ಲ. "ಬಲಗಡೆ ನಳಿಗೇದು ಹೆದರ್ಸಕ್ಕೆ, ಎಡಗಡೇದು ಕೆಡವಕ್ಕೆ. ಎರಡನೇ ಈಡಿಗೆ ಬಿತ್ತು ನೋಡು, ಧೊಪ್ ಅಂತ!" ಎನ್ನುವಾಗ ನೆಲಕ್ಕೆ ಕೈ ಬಡಿಯುತ್ತಿದ್ದರು. ಆ ಹಂದಿಯ ಬಲದ ಮೇಲೆ ನಾನು ಶಾಲೆಯಲ್ಲಿ ಎಷ್ಟು ಮೆರೆದಿದ್ದೆನೋ ದೇವರಿಗೇ ಗೊತ್ತು.

ಮಾವ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಯಿತು. ನೋಡಿದರೆ ಎಡಗಡೆಯ ಕುದುರೆ, ಅಂದರೆ ತೋಟೆಗೆ ಬಡಿಯುವ ಸುತ್ತಿಗೆಯಂಥ ಭಾಗ, ಎತ್ತಿದರೆ ಎತ್ತಿದಲ್ಲೇ ನಿಲ್ಲುತ್ತಿತ್ತು. ಕೋವಿಯನ್ನು ಚೀಲಕ್ಕೆ ಹಾಕಿ, ಹೊಸನಗರದಲ್ಲಿ ಬಸ್ಸು ಬದಲಿಸಿ ಸಾಗರಕ್ಕೆ ಹೋದೆ. ಬಸ್ಸು ತುಂಬಿದ್ದರೂ ನನ್ನ ಪಕ್ಕದ ಸೀಟು ಮಾತ್ರ ಕೊನೆಯವರೆಗೂ ಖಾಲಿ!

ರಿಪೇರಿಯವರು ಕೋವಿಯನ್ನು ನಡುವೆ ಮಡಚಿ ತೆರೆದು, ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಕೊಬ್ಬರಿ ಎಣ್ಣೆ ಅಂಟಾಗಿ ಕೂತಿದೆ, ಬಿಚ್ಚಿ ತೊಳೆದ್ರೆ ಸರಿಯಾಗ್ತದೆ. ಬಲಗಡೇದು ಒಳಗೆಲ್ಲ ಸವೆದಿದೆ. ಎಡಗಡೇದು ಕನ್ನಡಿ ಇದ್ದಂಗಿದೆ. ಇದ್ರಲ್ಲಿ ಒಂದು ಈಡೂ ಹೊಡ್ದಿಲ್ವಲ್ರೀ?"

ಹಾಗಾದರೆ ಹಂದಿ? ನಗು ಬಂತು. ಆದರೆ ಮಾವನ ಆ ಒಂದು ಮಾತು ಸುಳ್ಳಾದರೆ ಮಿಕ್ಕದ್ದರಲ್ಲಿ ಯಾವುದನ್ನು ನಂಬಲಿ? ಅತ್ತೆಗೆ ಹೇಳುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಒದ್ದಾಡಿ, ಮನೆ ಮೆಟ್ಟಿಲು ಹತ್ತುತ್ತಲೇ ಹೇಳಿಬಿಟ್ಟೆ. ನನ್ನ ಬಾಯಲ್ಲಿ ಮಾತು ನಿಲ್ಲುವುದು ಅಷ್ಟರಲ್ಲೇ ಇದೆ.

ಅತ್ತೆ ಮೊರದಿಂದ ತಲೆಯನ್ನೂ ಎತ್ತಲಿಲ್ಲ. "ನಂಗೆ ಗೊತ್ತಿಲ್ವನೋ ಮಾರಾಯ? ಹಂದಿ ಬಿದ್ದಿದ್ರೆ ಬೇಯ್ಸೋಳು ನಾನಲ್ವಾ?"

"ಮತ್ತೆ ಇಷ್ಟು ವರ್ಷ ಸುಮ್ನಿದ್ಯಲ್ಲ!"

"ಒಂದೇ ಈಡಿಗೆ ಹೆದರಿ ಓಡ್ತು. ಭತ್ತ ಉಳೀತು. ಇನ್ನೆಂಥ ಆಗ್ಬೇಕಿತ್ತು?"

ಮೊನ್ನೆ ನಾನು ನಳಿಗೆಯೊಳಗೆ ಎಣ್ಣೆಬಟ್ಟೆ ಎಳೆಯುತ್ತಿದ್ದಾಗ ಪಕ್ಕದ ಮನೆಯ ಪುಟ್ಟಪ್ಪ ಬಂದು ಜಗುಲಿಯಲ್ಲಿ ಕುಳಿತ. "ನಿನ್ ಮಾವ ಆ ಒಂಟಿ ಹಂದಿ ಕೆಡವಿದ್ದು ಇದ್ರಲ್ಲೇ ಅಲ್ವಾ?" ಎಂದ. ನಾನು ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅತ್ತೆಯ ಮುಖ ನೋಡಿದೆ.

ಅತ್ತೆ ಲೋಟವನ್ನು ಪುಟ್ಟಪ್ಪನ ಮುಂದಿಟ್ಟು, "ಹೌದು ಮತ್ತೆ," ಎಂದರು. "ಎರಡನೇ ಈಡಿಗೆ."