ನಿಂತರೆ ಸಾಯುವ ಕೋಳಿಗಳು

ಜೀವಂತ ಕೋಳಿ ತುಂಬಿದ ಲಾರಿ ಬಿಸಿಲಲ್ಲಿ ನಿಲ್ಲಬಾರದು. ಓಡುತ್ತಿದ್ದರೆ ಗಾಳಿ, ಗಾಳಿ ಇದ್ದರೆ ಉಸಿರು. ಈ ಒಂದು ಮಾತನ್ನು ನಂಬಿ ಡ್ರೈವರಣ್ಣ ಇಪ್ಪತ್ತೆರಡು ವರ್ಷ ದುಡಿದ. ದಾರಿಯಲ್ಲಿ ಚಹಾಕ್ಕೂ ನಿಂತವನಲ್ಲ. ಅವನ ಮನೆ ಕೋಳಿ ಕೊಯ್ಯುವ ಕಾರ್ಖಾನೆಯ ಹಿಂದಿನ ರಸ್ತೆಯಲ್ಲೇ ಇತ್ತು. ಅವನು ಹಾರನ್ ಹೊಡೆದರೆ ಹೆಂಡತಿ ಊಟದ ಡಬ್ಬಿ ಹಿಡಿದು ಬಂದು, ನಿಧಾನಿಸಿದ ಲಾರಿಯ ಜೊತೆ ನಾಲ್ಕು ಹೆಜ್ಜೆ ಓಡಿ, ಕಿಟಕಿಯೊಳಗೆ ಕೊಡುತ್ತಿದ್ದಳು. "ಗಂಡನ ಮುಖ ನೋಡ್ಬೇಕು ಅಂದ್ರೆ ನಂಗೆ ಓಡೋದಕ್ಕೆ ಬರ್ಬೇಕು" ಎಂದು ಅಕ್ಕಪಕ್ಕದವರನ್ನು ನಗಿಸುತ್ತಿದ್ದಳು.

ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಎರಡು ಸಾವಿರ ಕೋಳಿ ಹೊತ್ತು ಬಂದರೆ ಕಾರ್ಖಾನೆಯ ಗೇಟು ಮುಚ್ಚಿತ್ತು.

"ಕೋಲ್ಡ್ ರೂಮ್ ತುಂಬ್ಹೋಗಿದೆ ಅಣ್ಣ, ಅಂಗಡಿಯವ್ರು ಮಾಲೇ ಎತ್ತಿಲ್ಲ. ಮೂರು ಗಂಟೆನಾದ್ರೂ ಆಗುತ್ತೆ" ಎಂದ ಕಾವಲುಗಾರ.

"ಹಾಗಾದ್ರೆ ಫಾರಂನಲ್ಲಿ ಯಾಕಪ್ಪಾ ತುಂಬಿಸಿದ್ರು?"

"ಅವ್ರಿಗೆ ಹೇಳೋರು ಯಾರು?"

ಅದೇ ನೋಡಿ. ಫಾರಂನವರಿಗೆ ಕೋಳಿ ಹೊರಗೆ ಹೋದರೆ ಸಾಕು, ಕಾರ್ಖಾನೆಯವರಿಗೆ ಒಳಗೆ ಬರದಿದ್ದರೆ ಸಾಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ಈ ಡ್ರೈವರಣ್ಣ. ದಾರಿಯಲ್ಲಿ ಸತ್ತ ಕೋಳಿಗೆಲ್ಲ ಅವನೇ ಹೊಣೆ. ಆ ಬೇಸಿಗೆಯಲ್ಲಿ ಇದೇ ಗೇಟಿನ ಮುಂದೆ ಕಾಯುತ್ತ ಎರಡು ಸಲ ಹಾಗಾಗಿತ್ತು. ಮೂರನೆಯ ಸಲ ಆದರೆ ಕೀಲಿ ಇಟ್ಟು ಮನೆಗೆ ಹೋಗು ಎಂದು ಕಾರ್ಖಾನೆಯ ಮ್ಯಾನೇಜರು ಹೇಳಿಯಾಗಿತ್ತು. ಐವತ್ತು ದಾಟಿದವನ ಕೈಗೆ ಬೇರೆ ಯಾರು ಲಾರಿ ಕೊಟ್ಟಾರು?

ಅವನು ಲಾರಿ ತಿರುಗಿಸಿ ಕಾರ್ಖಾನೆಯ ಸುತ್ತ ಗಾಣದ ಎತ್ತಿನ ಹಾಗೆ ಸುತ್ತತೊಡಗಿದ. ಹಿಂದಿನಿಂದ ಕೋಳಿಗಳ ಗಲಾಟೆ ಕೇಳುತ್ತಿರುವವರೆಗೆ ಧೈರ್ಯ. ಮನೆ ಮುಂದೆ ಹಾದರೂ ಹಾರನ್ ಹೊಡೆಯಲಿಲ್ಲ; ಊಟ ಯಾರಿಗೆ ಬೇಕಿತ್ತು? ಪ್ರತಿ ಸುತ್ತಿಗೂ ಕಾವಲುಗಾರ ಇನ್ನೂ ಇಲ್ಲ ಎಂದು ಕೈಯಾಡಿಸುತ್ತಿದ್ದ. ಮ್ಯಾನೇಜರು ಫೋನ್ ಎತ್ತಲಿಲ್ಲ, ಅವರು ಹೇಳದೆ ಕಾವಲುಗಾರ ಗೇಟು ತೆಗೆಯುವಂತಿರಲಿಲ್ಲ. ಡೀಸೆಲ್ ಮುಳ್ಳು ಕೆಳಗಿಳಿಯುತ್ತಿತ್ತು, ಡೀಸೆಲ್ ಹಾಕುವ ಬಂಕು ಇದ್ದದ್ದೋ ಆ ಮುಚ್ಚಿದ ಗೇಟಿನೊಳಗೆ. ಜೇಬಿನಲ್ಲಿದ್ದಷ್ಟಕ್ಕೆ ಹೊರಗೆ ಹಾಕಿಸಿದ್ದು ಕೆಲವು ಸುತ್ತಿಗೇ ಕರಗಿತು. ಅವನಿಗೆ ಅಳು ಬಂತು. ಅಳುತ್ತಲೇ ಗೇರು ಬದಲಿಸಿದ.

ಎರಡು ಗಂಟೆಯ ಹೊತ್ತಿಗೆ, ಸರಿಯಾಗಿ ಮನೆ ಮುಂದೆ, ಲಾರಿ ಕೆಮ್ಮಿ ನಿಂತಿತು. ಏನೂ ತೋಚದೆ ಹಾರನ್ ಒತ್ತಿದ.

ಹೆಂಡತಿ ಡಬ್ಬಿ ಹಿಡಿದು ಓಡಿ ಬಂದಳು. ಅಭ್ಯಾಸಬಲ, ಕಿಟಕಿ ದಾಟಿ ನಾಲ್ಕು ಹೆಜ್ಜೆ ಮುಂದೆ ಓಡಿ ಡಬ್ಬಿ ಎತ್ತಿ ಹಿಡಿದಳು. ಅಲ್ಲಿ ಕಿಟಕಿ ಇರಲಿಲ್ಲ. ತಿರುಗಿ ನೋಡಿದಳು.

"ಯಾಕ್ರೀ ನಿಂತ್ರಿ?"

"ಡೀಸೆಲ್ ಮುಗೀತು ಕಣೇ."

ಅವಳು ಒಳಗೋಡಿ ಬಕೆಟಿನಲ್ಲಿ ನೀರು ತಂದಳು.

"ಬೇಡ! ಗಾಳಿ ಇಲ್ದೆ ನೀರು ಹಾಕಿದ್ರೆ ಹಬೆಗೆ ಬೆಂದೇ ಹೋಗ್ತಾವೆ."

ಅವಳು ಬಕೆಟ್ ಕೆಳಗಿಟ್ಟಳು. ಡಬ್ಬಿಯ ಮುಚ್ಚಳ ತೆಗೆದು ಲಾರಿಯ ಪಕ್ಕ ನಿಂತು ಬೀಸತೊಡಗಿದಳು, ಎರಡು ಸಾವಿರ ಕೋಳಿಗೆ. ಅವನೂ ಇಳಿದು ಹೆಗಲ ಮೇಲಿನ ಟವಲು ಬೀಸಿದ. ನಡುವಿನ ಸಾಲಿನ ಪಂಜರಗಳು ಮೊದಲು ಸುಮ್ಮನಾದವು, ಆಮೇಲೆ ಕೆಳಗಿನವು.

"ಸಾಕು ಬಿಡೇ" ಎಂದ.

"ಮೇಲಿನವು ಇನ್ನೂ ಕೂಗ್ತಾ ಇವೆ ಕಣ್ರೀ" ಎಂದಳು ಅವಳು, ಕೈ ನಿಲ್ಲಿಸದೆ.

ಅವನು ಟವಲು ಇಳಿಸಿ ಕಿವಿಗೊಟ್ಟ. ಮುಚ್ಚಳದ ಸದ್ದೊಂದೇ ಕೇಳಿಸುತ್ತಿತ್ತು.