ಎರಡು ಕೈಗಳ ಸಹಿ

ಬಲ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ಮೊಮ್ಮಗಳು ಶಾಲೆಯ ಡೈರಿ ತಂದು ಮುಂದೆ ಹಿಡಿದಳು. ಪೋಷಕರ ಸಹಿ ಬೇಕು. ಅವಳಮ್ಮ ಆಗಲೇ ಡ್ಯೂಟಿಗೆ ಹೋಗಿಯಾಗಿತ್ತು. "ಅಜ್ಜೀ, ನಾನು ಕೈ ಹಿಡೀತೇನೆ, ನೀವು ಬರೀರಿ" ಎಂದು ಪೆನ್ನನ್ನು ನನ್ನ ಬೆರಳುಗಳ ನಡುವೆ ಸಿಕ್ಕಿಸಿದಳು. ಅವಳ ಅಂಗೈ ಬೆಚ್ಚಗಿತ್ತು. ಪೆನ್ನು ಕದಲಲಿಲ್ಲ. ಸವಿತಾ ನೆನಪಾಗಿದ್ದಳು.

ಸಾವಿರದ ಒಂಬೈನೂರ ತೊಂಬತ್ತು. ಕುವೈತಿನ ಫಹಾಹೀಲ್‌ನ ಒಂದು ಭಾರತೀಯ ಶಾಲೆಯಲ್ಲಿ ನಾನು ಏಳನೇ ತರಗತಿಯ ಟೀಚರ್. ಐದಕ್ಕೆ ಏಳುವುದು, ಐದೂವರೆಗೆ ಚಹಾ, ಆರೂವರೆಗೆ ಶಾಲೆಯ ಗೇಟು. "ನಮ್ಮಲ್ಲಿ ಅಲಾರಂ ಇಲ್ಲ ಮಾರಾಯ್ರೇ, ನನಗೆ ಮದುವೆಯಾಗಿದೆ" ಎಂದು ನಮ್ಮವರು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ತಡವಾಗಿ ಬಂದ ಮಕ್ಕಳಿಗೆ ಲೇಟ್ ಸ್ಲಿಪ್. ಅದಕ್ಕೆ ಮನೆಯವರ ಸಹಿ ಹಾಕಿಸಿ ತರಬೇಕು. ಆರನೆಯದಾದರೆ ಶಾಲೆಯಿಂದ ಹೆಸರು ತೆಗೆಯುವುದು ನಿಯಮ. ನನ್ನ ತರಗತಿಯ ಸವಿತಾಳದ್ದು ಐದಾಗಿತ್ತು. ಐದನೆಯ ಚೀಟಿಯ ಸಹಿ ನೋಡಿದೆ. ತಾಯಿಯ ಹೆಸರು, ಆದರೆ ಅಕ್ಷರದ ಬಾಗು ಮಗಳದ್ದೇ.

"ಇದು ಎಂತದು? ನಿನ್ನದೇ ಕೈಯಲ್ವಾ?"

"ಅಮ್ಮನ ಕೈನೇ ಮಿಸ್. ಪ್ರಾಮಿಸ್."

"ಸುಳ್ಳು ಬೇರೆ ಹೇಳ್ತೀಯಾ?" ಎಂದು ಇಡೀ ಪೀರಿಯಡ್ ಬಾಗಿಲ ಹೊರಗೆ ನಿಲ್ಲಿಸಿದೆ. ಅವಳು ಅಳಲಿಲ್ಲ. ಗೋಡೆಗೆ ಒರಗಿ ನಿಂತಲ್ಲೇ ನಿದ್ದೆ ಹೋದಳು. ಅದನ್ನು ಕೂಡ ನಾನು ಸೊಕ್ಕು ಎಂದುಕೊಂಡೆ.

ತಾಯಿಯನ್ನು ಕರೆಸಿದೆ, ಬರಲಿಲ್ಲ. ಜೂನ್‌ನ ಒಂದು ಸಂಜೆ ನಾನೇ ಫಿಂಟಾಸ್‌ನ ಅವರ ಮನೆಗೆ ಹೋದೆ, ಚೀಟಿಗಳನ್ನು ಕೈಯಲ್ಲಿ ಹಿಡಿದು. ಮೂರನೇ ಮಹಡಿ. ತಾಯಿ ಗಾಲಿಕುರ್ಚಿಯಲ್ಲಿದ್ದರು; ಪಾರ್ಶ್ವವಾಯುವಾಗಿ ಬಲಭಾಗ ಸ್ವಾಧೀನದಲ್ಲಿರಲಿಲ್ಲ. ಧಾರವಾಡ ಕಡೆಯವರು. ಸವಿತಾ ಅವರಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ತಂದೆ ರಿಫೈನರಿಯಲ್ಲಿ ಟೆಕ್ನೀಶಿಯನ್, ಬೆಳಿಗ್ಗೆ ಐದಕ್ಕೇ ಕಂಪನಿ ಬಸ್ಸು. ಆಮೇಲೆ ತಾಯಿಯ ಸ್ನಾನ, ಔಷಧಿ, ಊಟ ಎಲ್ಲ ಮುಗಿಸುವಷ್ಟರಲ್ಲಿ ಇವಳ ಶಾಲೆಯ ಬಸ್ಸು ಹೋಗಿರುತ್ತಿತ್ತು.

"ಸಹಿ ನಂದ ಐತ್ರಿ ಅಕ್ಕಾರ" ಎಂದರು ತಾಯಿ, ಮಾತು ತಡೆದು ತಡೆದು. "ಪೆನ್ನ ನಾನ ಹಿಡದಿದ್ದೆ. ನನ್ನ ಕೈ ಹಿಡದಾಕಿ ಅಕಿ. ಸಾಲಿಗೆ ಹೇಳಬ್ಯಾಡ ಅಂತ ನಾನ ಅಂದಿದ್ದೆ. ನನ್ನ ಊರಿಗೆ ಕಳಸ್ರಿ ಅಂತೀರಿ ಅಂತ ಹೆದರಿಕಿ."

ನಾನು ಚೀಟಿಗಳನ್ನು ಚೀಲಕ್ಕೆ ಹಾಕಿದೆ. ತಪ್ಪಾಯಿತು ಎಂದು ಹೇಳಬೇಕಿತ್ತು. "ಚಹಾ ಬೇಡ, ಹೊತ್ತಾಯಿತು" ಎಂದು ಎದ್ದು ಬಂದೆ.

ರಜೆಯಲ್ಲಿ ಸೆಪ್ಟೆಂಬರಿಗೆ ಹೊಸ ವೇಳಾಪಟ್ಟಿ ಬರೆದೆ: ಏಳನೇ ತರಗತಿಗೆ ಮೊದಲ ಪೀರಿಯಡ್ ಆಟ. ಸವಿತಾ ಬಂದಾಗ ಬರಲಿ, ಚೀಟಿ ಬೇಡ. ಹಾಜರಿ ಎರಡನೇ ಪೀರಿಯಡ್‌ನಲ್ಲಿ. ಮನೆಗೆ ಫೋನ್ ಮಾಡಬೇಕೆಂದರೆ ಆಫೀಸಿನದ್ದು ಬಳಸಲಿ. ನಮ್ಮ ದಾಖಲಾತಿ ಫಾರಂನಲ್ಲಿ ರಕ್ತದ ಗುಂಪಿನಿಂದ ತಂದೆಯ ಕೆಲಸದವರೆಗೆ ಎಲ್ಲವನ್ನೂ ಕೇಳುತ್ತಿದ್ದೆವು. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದೆ: ಮನೆಯಲ್ಲಿ ನೀನು ಯಾರನ್ನಾದರೂ ನೋಡಿಕೊಳ್ಳುತ್ತೀಯಾ?

ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಬಂತು. ಶಾಲೆ ತೆರೆಯಲಿಲ್ಲ. ಊರಿನ ವಿಮಾನ ಹಿಡಿಯಲು ಅಮ್ಮಾನ್‌ಗೆ ಹೋಗುವ ಬಸ್ಸಿನಲ್ಲಿ ಆ ವೇಳಾಪಟ್ಟಿ ನನ್ನ ಚೀಲದಲ್ಲಿತ್ತು. ಮರಳುಗಾಡಿನ ದಾರಿ, ಕೂತಲ್ಲೇ ಕಾಲು ಬಾತು ನನಗೇ ಇಳಿಯಲಾಗುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿದ್ದವರನ್ನು ಈ ಮೆಟ್ಟಿಲು ಹತ್ತಿಸುವವರು ಯಾರು ಎಂದು ಪ್ರತಿ ನಿಲುಗಡೆಯಲ್ಲೂ ಎನಿಸುತ್ತಿತ್ತು.

ತೊಂಬತ್ತೊಂದರ ಕೊನೆಗೆ ವಾಪಸು ಹೋದೆವು. ಫಿಂಟಾಸ್‌ನ ಆ ಮನೆಗೆ ಬೀಗ. ಕೆಳಗಿದ್ದ ಕಾವಲುಗಾರ ತನಗೆ ಬರುವ ಹಿಂದಿಯಲ್ಲಿ ಹೇಳಿದ: "ಬಾಪ್ ಮಾ ಕೋ ಉಠಾಯಾ, ಲಡ್ಕೀ ಕುರ್ಸೀ ಉಠಾಯಾ. ಖಲಾಸ್." ತಂದೆ ತಾಯಿಯನ್ನು ಹೊತ್ತಿದ್ದರು, ಮಗಳು ಕುರ್ಚಿಯನ್ನು. ಮೂರು ಮಹಡಿ. ಎಲ್ಲಿಗೆ ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.

"ಅಜ್ಜೀ, ವ್ಯಾನ್ ಬಂತು!" ಎಂದಳು ಮೊಮ್ಮಗಳು. ನಾವಿಬ್ಬರೂ ಸೇರಿ ಸಹಿ ಹಾಕಿದೆವು. ಅವಳು ಡೈರಿ ಮುಚ್ಚಹೋದಳು.

"ನಿಲ್ಲು. ಕೆಳಗೆ ಬರಿ. ಅಜ್ಜಿಯ ಕೈ ಮುರಿದಿದೆ, ನಾನು ಹಿಡಿದು ಬರೆಸಿದೆ ಅಂತ."

"ಮಿಸ್ ಕೇಳ್ಲಿಲ್ವಲ್ಲಾ?"

"ಕೇಳುವುದಿಲ್ಲ. ಅದಕ್ಕೇ ಬರಿ."

ಕೆಳಗೆ ವ್ಯಾನ್ ಹಾರ್ನ್ ಹೊಡೆಯುತ್ತಲೇ ಇತ್ತು. ಅವಳು ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದಳು. ನಾನು ಗಡಿಯಾರ ನೋಡಲಿಲ್ಲ.